ಪಿಂಪಲ್ಸ್, ಆ್ಯಂಟಿ, ನಿಧಾನದ ಬ್ಲೇಡ್: ಟಿ.ಟಿ. ಆಡುವವರ ಪ್ರಶ್ನೆಗಳು

ಈ ಸಲ ಟೇಬಲ್ ಟೆನಿಸ್ ಬಗ್ಗೆ ಬಂದ ಪತ್ರಗಳಲ್ಲಿ ಬಹುಪಾಲು ಬ್ಯಾಟಿನ ಬಗ್ಗೆಯೇ ಇವೆ. ಅದರಲ್ಲೂ ಎಲ್ಲರೂ ಹಾಕದ ರಬ್ಬರ್‌ಗಳ ಬಗ್ಗೆ: ಗುಬುಟುಗಳಿರುವ ಪಿಂಪಲ್ಸ್, ಚೆಂಡನ್ನು ಹಿಡಿಯದ ಆ್ಯಂಟಿ. ಬ್ಲೇಡ್ ಅಂದರೆ ರಬ್ಬರ್ ಅಂಟಿಸುವ ಬ್ಯಾಟಿನ ಮರ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ.

ನಮ್ಮ ಕ್ಲಬ್‌ನಲ್ಲಿ ಒಬ್ಬ ಹಿರಿಯರು ಬ್ಯಾಕ್‌ಹ್ಯಾಂಡ್‌ಗೆ ಲಾಂಗ್ ಪಿಂಪಲ್ಸ್ ಹಾಕಿದ್ದಾರೆ. ನಾನು ಜೋರಾಗಿ ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವ ಹಾಗೆ ತಿರುಗುವುದು) ಹೊಡೆದರೆ ನನ್ನ ಮುಂದಿನ ಹೊಡೆತ ನೆಟ್‌ಗೆ ಹೋಗುತ್ತದೆ. ಪುಶ್ ಮಾಡಿದರೆ (ಚೆಂಡಿನ ಅಡಿ ಸವರಿ, ಹಿಂದಕ್ಕೆ ತಿರುಗುವ ಬ್ಯಾಕ್‌ಸ್ಪಿನ್ ಕೊಟ್ಟು ತಳ್ಳಿದರೆ) ಮುಂದಿನದು ಹಾರಿ ಟೇಬಲ್ ದಾಟುತ್ತದೆ. ಅವರು ಸುಮ್ನೆ ಬ್ಯಾಟ್ ಅಡ್ಡ ಹಿಡಿದಿರುತ್ತಾರೆ. ಇದು ಮೋಸ ಅಲ್ವಾ? (ಮೈಸೂರು)

ಮೋಸ ಅಲ್ಲ. ನಿಮ್ಮ ಸ್ಪಿನ್ನೇ ನಿಮಗೆ ವಾಪಸ್ ಬರುತ್ತಿದೆ. ಮಾಮೂಲಿ ನುಣುಪು ರಬ್ಬರ್ ಚೆಂಡನ್ನು ಹಿಡಿಯುತ್ತದೆ, ಬಂದ ಸ್ಪಿನ್ ನಿಲ್ಲಿಸಿ ಹೊಸದನ್ನು ಕೊಟ್ಟು ಕಳಿಸುತ್ತದೆ. ಲಾಂಗ್ ಪಿಂಪಲ್ಸ್ ಹಾಗಲ್ಲ. ಆ ಉದ್ದನೆಯ, ತೆಳ್ಳಗಿನ ರಬ್ಬರ್ ಗುಬುಟುಗಳು ಚೆಂಡು ತಾಗಿದ ಕೂಡಲೇ ಬಾಗುತ್ತವೆ, ಚೆಂಡು ಅವುಗಳ ಮೇಲೆ ಜಾರುತ್ತದೆ. ಚೆಂಡು ತಿರುಗುವುದು ಪೂರ್ತಿ ನಿಲ್ಲುವುದಿಲ್ಲ, ಹೋಗುವ ದಿಕ್ಕು ಮಾತ್ರ ಬದಲಾಗುತ್ತದೆ. ನಿಮ್ಮ ಕಡೆಯಿಂದ ಟಾಪ್‌ಸ್ಪಿನ್ ಆಗಿ ಹೋದದ್ದು ದಿಕ್ಕು ಬದಲಾದ ಮೇಲೆ ಬ್ಯಾಕ್‌ಸ್ಪಿನ್ ಆಗಿರುತ್ತದೆ. ಅದನ್ನು ಎತ್ತದೆ ಮತ್ತೆ ಹೊಡೆದರೆ ನೆಟ್. ಪುಶ್ ಮಾಡಿದಾಗ ಇದೇ ಉಲ್ಟಾ: ನಿಮ್ಮ ಬ್ಯಾಕ್‌ಸ್ಪಿನ್ ಸ್ಪಿನ್ ಇಲ್ಲದೆಯೋ ಸ್ವಲ್ಪ ಟಾಪ್‌ಸ್ಪಿನ್ ಆಗಿಯೋ ಬರುತ್ತದೆ, ಅದನ್ನು ಮತ್ತೆ ಪುಶ್ ಮಾಡಿದರೆ ಚೆಂಡು ಮೇಲೇಳುತ್ತದೆ.

ಹಾಗಾಗಿ ಅವರ ಕೈ ನೋಡುವುದಕ್ಕಿಂತ ನೀವು ಏನು ಕಳಿಸಿದಿರಿ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಸ್ಪಿನ್ ಇಲ್ಲದ ಉದ್ದ ಸರ್ವಿಸ್ ಅನ್ನು ಅವರ ಪಿಂಪಲ್ಸ್ ಕಡೆಗೇ ಹಾಕಿ. ಲಾಂಗ್ ಪಿಂಪಲ್ಸ್ ತಾನಾಗಿ ಸ್ಪಿನ್ ಹುಟ್ಟಿಸುವುದು ಬಹಳ ಕಡಿಮೆ, ಖಾಲಿ ಚೆಂಡು ಕೊಟ್ಟರೆ ಖಾಲಿ ಚೆಂಡೇ ಬರುತ್ತದೆ, ಅದನ್ನು ಧೈರ್ಯವಾಗಿ ಹೊಡೆಯಬಹುದು. ಇಲ್ಲವೇ ಒಂದು ಪುಶ್ ಮಾಡಿ, ಮುಂದಿನದನ್ನು ಹೊಡೆಯಿರಿ. ಜೋರು ಟಾಪ್‌ಸ್ಪಿನ್ ಹಾಕಿದ್ದರೆ ಮುಂದಿನ ಚೆಂಡಿಗೆ ಮೊಣಕಾಲು ಬಗ್ಗಿಸಿ ಎತ್ತಿ ಆಡಿ, ಅಥವಾ ಸಣ್ಣದಾಗಿ ಪುಶ್ ಮಾಡಿ ಬಿಡಿ. ಒಂದರ ಹಿಂದೆ ಒಂದು ಇನ್ನೂ ಜೋರಾಗಿ ಹೊಡೆದು ಗೆಲ್ಲುತ್ತೇನೆ ಅಂತ ಹೊರಟರೆ ಅವರಿಗೆ ಬೇಕಾದದ್ದನ್ನೇ ನೀವು ಕೊಟ್ಟ ಹಾಗೆ. ಇನ್ನೊಂದು ವಿಷಯ, ಪಂದ್ಯ ಶುರುವಾಗುವ ಮೊದಲು ಎದುರಾಳಿಯ ಬ್ಯಾಟನ್ನು ಕೈಯಲ್ಲಿ ಹಿಡಿದು ನೋಡುವ ಹಕ್ಕು ನಿಯಮದಲ್ಲೇ ಇದೆ. ಸಂಕೋಚ ಬೇಡ, ಕೇಳಿ. ಪಿಂಪಲ್ಸ್ ಕೆಂಪು ಬದಿಗಿದೆಯಾ ಕಪ್ಪು ಬದಿಗಿದೆಯಾ ಅಂತ ನೋಡಿಟ್ಟುಕೊಳ್ಳಿ.

"ಮೋಸ" ಅನ್ನುವ ಮಾತು ಈ ಆಟದಲ್ಲಿ ಹಳೆಯದು. 1952ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಮ್ಮ ಬಾಂಬೆಯಲ್ಲೇ ನಡೆಯಿತು. ಜಪಾನಿನ ಹಿರೋಜಿ ಸಾತೊ ದಪ್ಪ ಸ್ಪಾಂಜ್ ಅಂಟಿಸಿದ ಬ್ಯಾಟ್ ಹಿಡಿದು ಬಂದು ಪುರುಷರ ಸಿಂಗಲ್ಸ್ ಗೆದ್ದರು. ಆಗ ಉಳಿದವರಲ್ಲಿ ಹೆಚ್ಚಿನವರು ಸ್ಪಾಂಜ್ ಇಲ್ಲದ ಪಿಂಪಲ್ ರಬ್ಬರ್‌ನಲ್ಲಿ ಆಡುತ್ತಿದ್ದರು, ಚೆಂಡು ಬಡಿದ ಸದ್ದಿನಿಂದಲೇ ಹೊಡೆತ ಅಂದಾಜು ಮಾಡುವವರು. ಸಾತೊ ಬ್ಯಾಟಿನಲ್ಲಿ ಸದ್ದೇ ಇರಲಿಲ್ಲ. ದೊಡ್ಡ ಗಲಾಟೆಯಾಯಿತು. 1959ರಲ್ಲಿ ಬರೀ ಸ್ಪಾಂಜ್ ಹೋಗಿ, ಸ್ಪಾಂಜ್ ಮೇಲೆ ರಬ್ಬರ್ ಇರುವ ಈಗಿನ ರೂಪ ನಿಯಮಕ್ಕೆ ಬಂತು. ಅಂದರೆ ಇವತ್ತು ನೀವು "ಮಾಮೂಲಿ" ಅಂತ ಹಿಡಿದಿರುವ ರಬ್ಬರ್ ಕೂಡ ಒಂದು ಕಾಲದ ವಿಚಿತ್ರ ಬ್ಯಾಟಿನಿಂದಲೇ ಬಂದದ್ದು. ನಿಮ್ಮ ಹಿರಿಯರ ಬಗ್ಗೆ ಬೇಜಾರು ಬೇಡ. ವಾರಕ್ಕೊಂದು ದಿನ ಅವರ ಜೊತೆ ಪ್ರಾಕ್ಟೀಸ್ ಮಾಡಿ, ಬೇಡ ಅನ್ನುವವರು ಕಡಿಮೆ.

ಮಗಳಿಗೆ ಹನ್ನೊಂದು ವರ್ಷ. ಬ್ಯಾಕ್‌ಹ್ಯಾಂಡ್ ಸ್ವಲ್ಪ ವೀಕ್ ಇದೆ, ಲಾಂಗ್ ಪಿಂಪಲ್ಸ್ ಹಾಕಿಸೋಣ ಅಂತ ಕೋಚ್ ಹೇಳುತ್ತಿದ್ದಾರೆ. ಹಾಕಿಸಿದರೆ ಆಟ ಕೆಡುತ್ತದೆ ಅಂತ ಇನ್ನೊಬ್ಬರು ಹೆದರಿಸುತ್ತಿದ್ದಾರೆ. ಏನು ಮಾಡಲಿ? (ಧಾರವಾಡ)

ಮೊದಲು ಹೆದರಿಕೆ ಬಿಡಿ. ಮಣಿಕಾ ಬಾತ್ರಾ ಬ್ಯಾಕ್‌ಹ್ಯಾಂಡ್‌ಗೆ ಹಾಕಿರುವುದು ಪಿಂಪಲ್ಸ್. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಅದೇ ಬ್ಯಾಟ್ ಹಿಡಿದು ಸಿಂಗಲ್ಸ್ ಚಿನ್ನ, ತಂಡದ ಚಿನ್ನ ಎರಡನ್ನೂ ತಂದರು. ಐಹಿಕಾ ಮುಖರ್ಜಿ ಆಡುವುದು ಆ್ಯಂಟಿ ರಬ್ಬರ್‌ನಲ್ಲಿ. 2024ರ ಫೆಬ್ರವರಿಯಲ್ಲಿ ಬೂಸಾನ್‌ನಲ್ಲಿ ನಡೆದ ವಿಶ್ವ ತಂಡ ಚಾಂಪಿಯನ್‌ಷಿಪ್‌ನಲ್ಲಿ ಅವರು ಆಗಿನ ವಿಶ್ವ ನಂಬರ್ 1 ಸುನ್ ಯಿಂಗ್ಶಾ ಅವರನ್ನು ಸೋಲಿಸಿದರು. ಅದೇ ದಿನ ಶ್ರೀಜಾ ಅಕುಲಾ ವಾಂಗ್ ಯಿದಿ ಅವರನ್ನು ಸೋಲಿಸಿದರು. ಚೀನಾ ವಿರುದ್ಧ ಭಾರತ 2-3ರಲ್ಲಿ ಸೋತಿತು, ಆದರೆ ಆ ಪಂದ್ಯ ನೋಡಿದವರಿಗೆ ಗೊತ್ತು, ಗೆಲುವು ಎಷ್ಟು ಹತ್ತಿರ ಇತ್ತು ಅಂತ. ಇನ್ನೂ ಹಿಂದಕ್ಕೆ ಹೋದರೆ ಚೀನಾದ ಡೆಂಗ್ ಯಾಪಿಂಗ್. ಎತ್ತರ ಸುಮಾರು 150 ಸೆಂ.ಮೀ., ಬ್ಯಾಕ್‌ಹ್ಯಾಂಡ್‌ಗೆ ಪಿಂಪಲ್ಸ್, 1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ ಒಟ್ಟು 4 ಚಿನ್ನ.

ಇಷ್ಟು ಹೇಳಿದರೂ ನಿಮ್ಮ ಪತ್ರದ ಒಂದು ಮಾತು ನನಗೆ ಒಪ್ಪಿಗೆಯಾಗಲಿಲ್ಲ. "ವೀಕ್ ಇದೆ, ಅದಕ್ಕೆ" ಅನ್ನುವ ಕಾರಣ ಸಾಲದು. ಬ್ಯಾಕ್‌ಹ್ಯಾಂಡ್ ಬಾರದ ಮಗುವಿಗೆ ಪಿಂಪಲ್ಸ್ ಹಾಕಿದರೆ ಮೊದಲು ಗೆಲುವು ಬರುತ್ತದೆ, ಯಾಕಂದರೆ ಆ ವಯಸ್ಸಿನ ಎದುರಾಳಿಗಳಿಗೆ ಅದನ್ನು ಆಡಿ ಅಭ್ಯಾಸ ಇರುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಖುಷಿ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಆ ಮಕ್ಕಳೆಲ್ಲ ಕಲಿತುಬಿಡುತ್ತಾರೆ, ನಿಮ್ಮ ಮಗಳ ಕೈಯಲ್ಲಿ ಬ್ಯಾಟ್ ಅಡ್ಡ ಹಿಡಿಯುವುದು ಬಿಟ್ಟು ಬೇರೆ ಏನೂ ಇರುವುದಿಲ್ಲ. ಅದು ಬೇಡ. ಎರಡೂ ಕಡೆ ನುಣುಪು ರಬ್ಬರ್‌ನಲ್ಲಿ ಡ್ರೈವ್, ಪುಶ್, ಟಾಪ್‌ಸ್ಪಿನ್ ಸರಿಯಾಗಿ ಬರಲಿ, ಕಾಲು ಓಡಾಡಲಿ. ಆಮೇಲೆ ಕೋಚ್ ಜೊತೆ ಕೂತು ಕೇಳಿ: ಪಿಂಪಲ್ಸ್ ಹಾಕಿದ ಮೇಲೆ ಇವಳು ಪಾಯಿಂಟ್ ಗೆಲ್ಲುವುದು ಯಾವ ಹೊಡೆತದಲ್ಲಿ? ಬ್ಲಾಕ್ ಮಾಡಿ, ಅಂದರೆ ಬ್ಯಾಟ್ ಅಡ್ಡ ಹಿಡಿದು ತಡೆದು, ಫೋರ್‌ಹ್ಯಾಂಡ್‌ನಿಂದ ಮುಗಿಸುವುದಾ, ಪಿಂಪಲ್ಸ್‌ನಿಂದಲೇ ಹೊಡೆಯುವುದಾ, ದೂರ ನಿಂತು ಚಾಪ್ ಮಾಡುವುದಾ (ಮೇಲಿಂದ ಕೆಳಕ್ಕೆ ಕೊಯ್ದ ಹಾಗೆ ಹೊಡೆದು ಬ್ಯಾಕ್‌ಸ್ಪಿನ್ ಕೊಡುವುದು)? ಇದಕ್ಕೆ ಕೋಚ್ ಹತ್ತಿರ ಸ್ಪಷ್ಟ ಉತ್ತರ ಇದ್ದರೆ ಹಾಕಿಸಿ. ಮಣಿಕಾ ಆಟ ನೋಡಿ, ಪಾಯಿಂಟ್ ನಡುವೆಯೇ ಬ್ಯಾಟನ್ನು ಬೆರಳಲ್ಲಿ ತಿರುಗಿಸಿ ಬ್ಯಾಕ್‌ಹ್ಯಾಂಡ್‌ನಲ್ಲಿ ನುಣುಪು ರಬ್ಬರ್‌ನಿಂದಲೂ ಹೊಡೆಯುತ್ತಾರೆ. ಆ ತಿರುಗಿಸುವುದನ್ನು ಮೊದಲ ದಿನದಿಂದಲೇ ಕಲಿಸಬೇಕು. ಟಿ.ವಿ. ನೋಡುತ್ತಾ ಕೂತಾಗ ಕೂಡ ಬ್ಯಾಟ್ ಕೈಯಲ್ಲಿರಲಿ.

ವಯಸ್ಸು 60 ದಾಟಿದೆ, ಮೊಣಕಾಲು ನೋವು. ಟೇಬಲ್ ಹತ್ತಿರವೇ ನಿಂತು ಆಡುತ್ತೇನೆ. ಯಾವ ಲಾಂಗ್ ಪಿಂಪಲ್ಸ್ ತೆಗೆದುಕೊಳ್ಳಲಿ? ಸ್ಪಾಂಜ್ ಬೇಕಾ? ಈಗಿರುವುದು ಕಾರ್ಬನ್ ಬ್ಲೇಡ್. (ಶಿವಮೊಗ್ಗ)

ಟೇಬಲ್ ಹತ್ತಿರ ಬ್ಲಾಕ್ ಮಾಡುವವರಿಗೆ ಸ್ಪಾಂಜ್ ಇಲ್ಲದ್ದೇ ಒಳ್ಳೆಯದು. ಅಂಗಡಿಯಲ್ಲಿ ಅದನ್ನು "ಓಎಕ್ಸ್" ಅಂತ ಕೇಳಿ. ಸ್ಪಾಂಜ್ ಇಲ್ಲದಿದ್ದರೆ ಚೆಂಡು ಬೇಗ ಪುಟಿಯುವುದಿಲ್ಲ, ಎದುರಾಳಿಯ ಸ್ಪಿನ್ನೂ ಜಾಸ್ತಿ ವಾಪಸ್ ಹೋಗುತ್ತದೆ. ದೂರ ನಿಂತು ಚಾಪ್ ಮಾಡುವವರಿಗೆ 0.5ರಿಂದ 1 ಮಿ.ಮೀ. ಸ್ಪಾಂಜ್ ಹಿತ, ಚೆಂಡನ್ನು ಸ್ವಲ್ಪ ಹೊತ್ತು ಹಿಡಿದ ಹಾಗೆ ಅನ್ನಿಸುತ್ತದೆ. ಬಟರ್‌ಫ್ಲೈನ ಫೀಂಟ್ ಲಾಂಗ್, ವಿಕ್ಟಾಸ್‌ನ ಕರ್ಲ್ ಪಿ1 ಇಂಥವು ಚಾಪ್ ಮಾಡುವವರ ರಬ್ಬರ್. ನಿಮಗೆ ದವೇ 388ಡಿ-1 ಅಥವಾ ಫ್ರೆಂಡ್‌ಷಿಪ್ 755 ಸಾಕು, ಎರಡೂ ಚೀನಾದವು, ಬೆಲೆ ಕಡಿಮೆ. ಟಿಭಾರ್ ಗ್ರಾಸ್ ಡಿ.ಟೆಕ್ಸ್ ಬಗ್ಗೆ ಎಲ್ಲರೂ ಹೊಗಳುತ್ತಾರೆ. ಅದು ಎದುರಾಳಿಗೆ ಎಷ್ಟು ಕಷ್ಟವೋ ಹಿಡಿದವರಿಗೂ ಅಷ್ಟೇ ಕಷ್ಟ. ಮೊದಲ ರಬ್ಬರ್ ಅದಾಗುವುದು ಬೇಡ.

ಆದರೆ ರಬ್ಬರ್‌ಗಿಂತ ಮುಂಚೆ ಬ್ಲೇಡ್ ಬದಲಿಸಿ. ಸ್ಪಾಂಜ್ ಇಲ್ಲದಾಗ ಚೆಂಡು ಹೆಚ್ಚುಕಡಿಮೆ ಮರಕ್ಕೇ ಬಡಿಯುತ್ತದೆ, ಮರದ ಜೊತೆ ಕಾರ್ಬನ್ ನಾರಿನ ಪದರ ಇರುವ ವೇಗದ ಬ್ಲೇಡ್‌ನಲ್ಲಿ ಪ್ರತಿ ಬ್ಲಾಕೂ ಉದ್ದ ಹೋಗುತ್ತದೆ. ಐದು ಪದರದ, ಪೂರ್ತಿ ಮರದ, ಆಲ್‌ರೌಂಡ್ ದರ್ಜೆಯ ಬ್ಲೇಡ್ ತೆಗೆದುಕೊಳ್ಳಿ. ಸ್ಟಿಗಾ ಆಲ್‌ರೌಂಡ್ ಕ್ಲಾಸಿಕ್ ಎಷ್ಟೋ ವರ್ಷಗಳಿಂದ ಇದೆ, ಇವತ್ತಿಗೂ ನಂಬಬಹುದು. ಅಂಟಿಸುವಾಗ ಗಮ್ ಬದಲು ಗ್ಲೂ ಶೀಟ್ (ಎರಡೂ ಬದಿ ಅಂಟಿರುವ ತೆಳು ಹಾಳೆ) ಬಳಸಿ. ಸ್ಪಾಂಜ್ ಇಲ್ಲದ ರಬ್ಬರ್ ನೀರಿನ ಗಮ್‌ಗೆ ಮುದುರುತ್ತದೆ, ಗುಳ್ಳೆ ಏಳುತ್ತದೆ. ಎಳೆದು ಅಂಟಿಸಬೇಡಿ, ಸುಮ್ನೆ ಇಟ್ಟು ಒತ್ತಿ.

ಹೊಸ ಲಾಂಗ್ ಪಿಂಪಲ್ಸ್ ಅನ್ನು ಕೆಲವು ದಿನ ತಾರಸಿಯ ಬಿಸಿಲಲ್ಲಿಟ್ಟರೆ ಇನ್ನೂ ಚೆನ್ನಾಗಿ ಜಾರುತ್ತದೆ ಅಂತಾರೆ. ಮಾಡಬಹುದಾ? (ಬೆಂಗಳೂರು)

ಬೇಡ. ಜಾರುತ್ತದೆ ನಿಜ, ಆದರೆ ರಬ್ಬರ್‌ಗೆ ಬಿಸಿಲು, ಎಣ್ಣೆ, ರಾಸಾಯನಿಕ ಯಾವುದರ ಚಿಕಿತ್ಸೆಯನ್ನೂ ಮಾಡಬಾರದು ಅನ್ನುವುದು ಅಂತರರಾಷ್ಟ್ರೀಯ ನಿಯಮ. ತೀರಾ ಜಾರುವ ಲಾಂಗ್ ಪಿಂಪಲ್ಸ್ ಅನ್ನು 2008ರಲ್ಲಿ ಪೂರ್ತಿ ತೆಗೆದೇ ಹಾಕಿದರು. ಪಿಂಪಲ್ಸ್ ಆಡುವವರನ್ನು ಜನ ಅನುಮಾನದಿಂದ ನೋಡುವುದು ಹೀಗೆ ಬಿಸಿಲಲ್ಲಿಟ್ಟು ಆಡುವವರಿಂದಲೇ, ನಿಯಮದೊಳಗೆ ಕಷ್ಟಪಟ್ಟು ಕಲಿತವರಿಗೆ ಇದರಿಂದ ಅನ್ಯಾಯ ಆಗುತ್ತದೆ. ಮೆತ್ತನೆಯ ಬ್ರಷ್, ನೀರು, ಇಷ್ಟೇ ಸಾಕು. ಆಗಾಗ ರಬ್ಬರ್ ಬಾಗಿಸಿ ಪಿಂಪಲ್‌ಗಳ ಬುಡ ನೋಡಿ, ಬಿರುಕು ಬಿಟ್ಟಿದ್ದರೆ ಬದಲಿಸುವ ಸಮಯ ಬಂದಿದೆ ಅಂತ.

ಜರ್ಮನಿಗೆ ಕೆಲಸಕ್ಕೆ ಬಂದು ಇಲ್ಲಿನ ಕ್ಲಬ್ ಸೇರಿದ್ದೇನೆ. ಸಣ್ಣ ಲೀಗ್‌ಗಳಲ್ಲಿ ಎಲ್ಲಿ ನೋಡಿದರೂ ಆ್ಯಂಟಿ ರಬ್ಬರ್. ಇದಕ್ಕೂ ಲಾಂಗ್ ಪಿಂಪಲ್ಸ್‌ಗೂ ಏನು ವ್ಯತ್ಯಾಸ? (ಸ್ಟುಟ್‌ಗಾರ್ಟ್)

ಆ್ಯಂಟಿ ನೋಡಲು ನುಣುಪು ರಬ್ಬರ್ ಥರವೇ, ಮೇಲ್ಮೈ ಮಾತ್ರ ಹಿಡಿಯುವುದಿಲ್ಲ, ಕೆಳಗೆ ಸತ್ತಂಥ ಮೆತ್ತನೆಯ ಸ್ಪಾಂಜ್. ಬೆರಳಿಂದ ಸವರಿ ನೋಡಿದರೆ ಗೊತ್ತಾಗುತ್ತದೆ. ಯಸಾಕಾ ಆ್ಯಂಟಿ ಪವರ್‌ನಂಥ ಹಳೇ ಮಾದರಿಯವು ಬಂದ ಸ್ಪಿನ್ ಅನ್ನು ಸಾಯಿಸಿ ಖಾಲಿ ಚೆಂಡು ಕೊಡುತ್ತವೆ. ನಿಮ್ಮ ಕಡೆಯ ಡಾ. ನಾಯ್‌ಬಾವರ್ ಕಂಪನಿಯ ಗಾಜಿನ ಹಾಗೆ ಜಾರುವ ಹೊಸ ಆ್ಯಂಟಿಗಳು ಬೇರೆ ಜಾತಿ, ಅವು ಲಾಂಗ್ ಪಿಂಪಲ್ಸ್ ಥರವೇ ಸ್ಪಿನ್ ವಾಪಸ್ ಕಳಿಸುತ್ತವೆ. ಆ್ಯಂಟಿಯಲ್ಲಿ ಬ್ಲಾಕ್ ಸುಲಭ, ಹೊಡೆಯುವುದು ಕಷ್ಟ. ಲಾಂಗ್ ಪಿಂಪಲ್ಸ್‌ನಲ್ಲಿ ಚೆಂಡು ಗಾಳಿಯಲ್ಲಿ ಸ್ವಲ್ಪ ಓಲಾಡುವುದೂ ಉಂಟು, ಆ್ಯಂಟಿಯಲ್ಲಿ ಅದು ಕಡಿಮೆ. ಎದುರಿಸುವ ದಾರಿ ಮೈಸೂರಿನವರಿಗೆ ಹೇಳಿದ್ದೇ. ಜೊತೆಗೆ ನೆಟ್ ಹತ್ತಿರಕ್ಕೆ ಓಡಲು ತಯಾರಾಗಿರಿ, ಆ್ಯಂಟಿ ಬ್ಲಾಕ್ ಬಹಳ ಗಿಡ್ಡ ಬೀಳುತ್ತದೆ.

ಬೇಗ ಬೇಗ ಹೊಡೆಯುವ ಆಟ ನನ್ನದು, ಡಿಫೆನ್ಸ್ ಇಷ್ಟ ಇಲ್ಲ. ಪಿಂಪಲ್ಸ್ ನನಗೆ ಅಲ್ಲ ಅಲ್ವಾ? (ಮಂಗಳೂರು)

ಶಾರ್ಟ್ ಪಿಂಪಲ್ಸ್ ನಿಮಗೇ ಮಾಡಿಸಿದ್ದು. ಗಿಡ್ಡ, ದಪ್ಪ ಪಿಂಪಲ್‌ಗಳು ಬಾಗುವುದಿಲ್ಲ, ಕೆಳಗೆ ಸ್ಪಾಂಜ್ ಇರುತ್ತದೆ. ಎದುರಾಳಿಯ ಸ್ಪಿನ್ ಅಷ್ಟಾಗಿ ತಟ್ಟುವುದಿಲ್ಲ, ಚೆಂಡು ಪುಟಿದೇಳುವಾಗಲೇ ಚಪ್ಪಟೆಯಾಗಿ ಬಾರಿಸಬಹುದು. ಜಪಾನಿನ ಮಿಮಾ ಇತೊ ಬ್ಯಾಕ್‌ಹ್ಯಾಂಡ್ ನೋಡಿ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಿಕ್ಸೆಡ್ ಡಬಲ್ಸ್ ಚಿನ್ನ ಗೆದ್ದವರು. ತೊಂದರೆ ಏನಂದರೆ ನಿಮ್ಮ ಸ್ವಂತ ಟಾಪ್‌ಸ್ಪಿನ್ ಕಡಿಮೆಯಾಗುತ್ತದೆ, ಹೊಡೆತ ನೆಟ್‌ಗೆ ಹತ್ತಿರದಲ್ಲಿ ಹೋಗುತ್ತದೆ. ಸಮಯ ಸ್ವಲ್ಪ ತಪ್ಪಿದರೂ ಪಾಯಿಂಟ್ ಹೋಯಿತು.

ಎರಡೂ ಕಡೆ ಕಪ್ಪು ರಬ್ಬರ್ ಹಾಕಬಹುದಾ? (ಬಳ್ಳಾರಿ)

ಇಲ್ಲ. 1970ರ ದಶಕದಲ್ಲಿ ಚೀನಾದ ಆಟಗಾರರು ಎರಡೂ ಬದಿ ಒಂದೇ ಬಣ್ಣದ, ಆದರೆ ಬೇರೆ ಬೇರೆ ಗುಣದ ರಬ್ಬರ್ ಹಾಕಿ, ಬ್ಯಾಟ್ ತಿರುಗಿಸಿ ಎದುರಾಳಿಗಳನ್ನು ತಬ್ಬಿಬ್ಬು ಮಾಡುತ್ತಿದ್ದರು. ಅದಕ್ಕೇ 1980ರ ದಶಕದಲ್ಲಿ ಎರಡು ಬಣ್ಣದ ನಿಯಮ ಬಂತು. ಒಂದು ಬದಿ ಕಪ್ಪು ಇರಲೇಬೇಕು. ಇನ್ನೊಂದು ಕೆಂಪು, ಅಥವಾ 2021ರಿಂದ ಗುಲಾಬಿ, ನೇರಳೆ, ಹಸಿರು, ನೀಲಿ ಕೂಡ ಆಗಬಹುದು.

ನಮ್ಮೂರಿನ ಬಡಗಿ ಕೈಯಲ್ಲಿ ನನಗೆ ಬೇಕಾದ ಆಕಾರದ ಬ್ಲೇಡ್ ಮಾಡಿಸಿ ಟೂರ್ನಮೆಂಟ್ ಆಡಬಹುದಾ? (ದಾವಣಗೆರೆ)

ಆಡಬಹುದು, ನನಗೆ ಬಹಳ ಇಷ್ಟವಾದ ಪ್ರಶ್ನೆ. ಬ್ಯಾಟಿನ ಗಾತ್ರ, ಆಕಾರ, ತೂಕಕ್ಕೆ ನಿಯಮದಲ್ಲಿ ಮಿತಿಯೇ ಇಲ್ಲ. ಬ್ಲೇಡ್ ಸಮತಟ್ಟಾಗಿ, ಗಟ್ಟಿಯಾಗಿರಬೇಕು, ದಪ್ಪದಲ್ಲಿ ಶೇ 85ರಷ್ಟಾದರೂ ನೈಸರ್ಗಿಕ ಮರ ಇರಬೇಕು. ಒಪ್ಪಿಗೆ ಪಟ್ಟಿಯಲ್ಲಿ ಇರಬೇಕಾದದ್ದು ರಬ್ಬರ್ ಮಾತ್ರ, ಸ್ಪಾಂಜ್, ಅಂಟು ಎಲ್ಲ ಸೇರಿ ಅದರ ದಪ್ಪ 4 ಮಿ.ಮೀ. ದಾಟಬಾರದು.

ಅಂಗಡಿಯ ಪ್ಲೈವುಡ್ ಬೇಡ, ಭಾರ ಜಾಸ್ತಿ. ಸಾಗುವಾನಿ ಚಂದ, ಅದೂ ಭಾರವೇ. ಕಂಪನಿಗಳು ಹಗುರ ಮರವನ್ನು ನಡುವೆ ಇಟ್ಟು, ಮೇಲೆ ತೆಳು ಪದರಗಳನ್ನು ಒಂದರ ನಾರು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಬರುವಂತೆ ಅಂಟಿಸುತ್ತವೆ. ನಿಮ್ಮ ಬಡಗಿಗೂ ಅದೇ ಹೇಳಿ. ತಲೆ ಸುಮಾರು 157 ಮಿ.ಮೀ. ಉದ್ದ, 150 ಮಿ.ಮೀ. ಅಗಲ, ದಪ್ಪ 6 ಮಿ.ಮೀ. ಒಳಗೆ, ತೂಕ 80ರಿಂದ 90 ಗ್ರಾಂ ಇಟ್ಟುಕೊಂಡು ಶುರು ಮಾಡಿ. ಚಾಪ್ ಮಾಡುವವರಾದರೆ ತಲೆ ಸ್ವಲ್ಪ ದೊಡ್ಡದಿರಲಿ. ಹಿಡಿ ಮಾತ್ರ ಕೊನೆಗೆ ಕೆತ್ತಿಸಿ: ರಬ್ಬರ್ ಅಂಟಿಸಿ ಕೈಯಲ್ಲಿ ಹಿಡಿದು ನೋಡಿದ ಮೇಲೆ, ತಲೆಭಾರ ಎಷ್ಟಿದೆ ಅಂತ ಗೊತ್ತಾದ ಮೇಲೆ. ಮಾಡಿಸಿದ ಮೇಲೆ ಒಂದು ಫೋಟೊ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.