ದುಗ್ಗಮ್ಮನ ಜಾತ್ರೆ ಕುಸ್ತಿಗೆ ಮಗನನ್ನು ಕರ್ಕೊಂಡು ಹೋಗೋ ಬಗ್ಗೆ

ಎಂಟು ವರ್ಷದ ಮಗ ದುಗ್ಗಮ್ಮನ ಜಾತ್ರೆ ಕುಸ್ತಿ ನೋಡಬೇಕು ಅಂತ ಹಠ ಮಾಡ್ತಿದ್ದಾನೆ, ಒಬ್ಬರನ್ನೊಬ್ಬರು ಕೆಡವೋದು ನೋಡಿ ಜನ ಯಾಕೆ ಹಾಗೆ ಕುಣೀತಾರೆ, ಕರ್ಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ದಾವಣಗೆರೆಯಲ್ಲಿ ಈ ಜಾತ್ರೆ ಬರೋದೇ ಎರಡು ವರ್ಷಕ್ಕೊಮ್ಮೆ.

ನಾನು ಮೊದಲ ಸಲ ಕುಸ್ತಿ ನೋಡಿದ್ದು ಅಪ್ಪನ ಹೆಗಲ ಮೇಲೆ ಕೂತು. ಯಾರು ಗೆದ್ದರು ಅನ್ನೋದು ಮರೆತುಹೋಗಿದೆ. ಆದರೆ ಅಖಾಡದಲ್ಲಿ ಪೈಲ್ವಾನ್ ಎಡಕ್ಕೆ ಹೊರಳಿದಾಗೆಲ್ಲ ನನ್ನ ಕೆಳಗೆ ಅಪ್ಪನ ಹೆಗಲೂ ಎಡಕ್ಕೆ ವಾಲುತ್ತಿತ್ತು. ಬೀಳಬಾರದು ಅಂತ ಅವರ ತಲೆಗೂದಲು ಗಟ್ಟಿಯಾಗಿ ಹಿಡಿದಿದ್ದೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅದೇ. ನೋಡೋರ ಮೈಯೂ ಕುಸ್ತಿ ಆಡುತ್ತೆ. ಕ್ರಿಕೆಟ್‌ನಲ್ಲಿ 140 ಕಿಲೋಮೀಟರ್ ವೇಗದ ಚೆಂಡು ಹೇಗೆ ಬರುತ್ತೆ ಅಂತ ನಮ್ಮ ಮೈಗೆ ಗೊತ್ತಿಲ್ಲ. ಭಾರ ಎಳೆದರೆ ಸೊಂಟ ಹೇಗೆ ಬಿಗಿಯುತ್ತೆ ಅಂತ ಮೂಟೆ ಹೊತ್ತವರಿಗೆ, ಎತ್ತಿನ ಹಗ್ಗ ಹಿಡಿದವರಿಗೆ ಚೆನ್ನಾಗಿ ಗೊತ್ತು.

ಇನ್ನೊಂದು, ನಮ್ಮೋರು ಅನ್ನೋ ಅಭಿಮಾನ. ಅಮೆರಿಕದಲ್ಲಿ 1976ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಅವರ ಫುಟ್‌ಬಾಲ್ ಅಂದ್ರೆ ಮೈಗೆ ಮೈ ಡಿಕ್ಕಿ ಹೊಡೆಯೋ ಆಟ. ಕಾಲೇಜು ತಂಡ ಗೆದ್ದರೆ ಸೋಮವಾರ ಕಾಲೇಜಿನ ಹೆಸರಿರೋ ಬಟ್ಟೆ ಹಾಕಿಕೊಂಡು ಬರೋ ಹುಡುಗರು ಜಾಸ್ತಿ. ಮಾತಲ್ಲೂ ಹಾಗೇ, ಗೆದ್ದರೆ "ನಾವು ಗೆದ್ವಿ", ಸೋತರೆ "ಅವರು ಸೋತರು". ನಮ್ಮೂರ ಹುಡುಗ ಅಖಾಡಕ್ಕೆ ಇಳಿದಾಗ ನಾವೂ ಇದನ್ನೇ ಅಲ್ವಾ ಮಾಡೋದು?

ರಕ್ತ ನೋಡೋಕೆ ಬರೋರು ಇಲ್ಲವೇ ಇಲ್ಲ ಅಂತ ಹೇಳಲಾರೆ. ಆದರೆ ಕುಸ್ತಿಯಲ್ಲಿ ಗುದ್ದೋ ಹಾಗಿಲ್ಲ. ಎದುರಾಳಿಯ ಬೆನ್ನು ನೆಲಕ್ಕೆ ತಾಗಿಸಿ ಚಿತ್ ಮಾಡಬೇಕು, ಅಷ್ಟೇ. ಇದನ್ನು ಮಗನಿಗೆ ಮನೆಯಲ್ಲೇ ಹೇಳಿ.

ಬೇಗ ಹೋಗಿ ಮುಂದೆ ಜಾಗ ಹಿಡೀರಿ, ಪೈಲ್ವಾನರ ಪಾದ ಕಾಣಬೇಕು. ಶುರುವಿನಲ್ಲಿ ಒಬ್ಬರ ಮೈಗೆ ಇನ್ನೊಬ್ಬರು ಅಖಾಡದ ಮಣ್ಣು ಸವರುತ್ತಾರೆ. ಬೆವರಿಗೆ ಹಿಡಿತ ಜಾರಬಾರದು ಅಂತ. ಅದನ್ನು ಅವನಿಗೆ ತೋರಿಸಿ. ಆಮೇಲೆ ಮುಖ ಬಿಟ್ಟು ಕಾಲು ನೋಡು ಅನ್ನಿ, ಪಟ್ಟು ಹಾಕೋ ಮೊದಲು ಕಾಲೇ ಸರಿಯೋದು. ಕುಸ್ತಿ ಮುಗಿದ ಕೂಡಲೇ ಏಳಬೇಡಿ. ಬಿದ್ದವನು ಎದ್ದು ಮಣ್ಣು ಕೊಡವಿಕೊಂಡು ಕೈ ಕುಲುಕೋದನ್ನೂ ಅವನು ನೋಡಲಿ.

ಬಿಸಿಲು ಜಾಸ್ತಿ ಇರುತ್ತೆ. ಟೋಪಿ, ನೀರಿನ ಬಾಟಲಿ ಮರೀಬೇಡಿ.