ನರ್ಸಿಂಗ್ ಬಿಟ್ಟು ಸಾಫ್ಟ್‌ವೇರ್‌ಗೆ ಹೋಗ್ಬೇಕು, ಪೈಥಾನ್ ಕಲೀಲಾ ಜಾವಾ ಕಲೀಲಾ?

ಸೆಂಟ್ರಿಫ್ಯೂಜ್‌ಗೆ ರಕ್ತದ ಟ್ಯೂಬ್ ಹಾಕಿ, ಅದು ತಿರುಗೋ 10 ನಿಮಿಷದಲ್ಲಿ ಮೊಬೈಲಲ್ಲಿ ಜಾವಾ ವಿಡಿಯೋ ನೋಡ್ತಿದ್ದೋನು ನಾನು. ಬಿಎಸ್ಸಿ ಎಂಎಲ್‌ಟಿ (ಲ್ಯಾಬ್ ಟೆಕ್ನೀಷಿಯನ್ ಕೋರ್ಸು) ಮಾಡಿ ಬೆಂಗಳೂರಲ್ಲಿ ಒಂದು ಆಸ್ಪತ್ರೆ ಲ್ಯಾಬಲ್ಲಿ 5 ವರ್ಷ, ತಿಂಗಳಲ್ಲಿ ಅರ್ಧ ನೈಟ್ ಡ್ಯೂಟಿ, ಕೈಗೆ 19 ಸಾವಿರ. 'ಇಷ್ಟು ವರ್ಷ ವೇಸ್ಟ್ ಆಯ್ತು, ರೆಸ್ಯೂಮಿಂದ ತೆಗೆದುಬಿಡ್ಲಾ' ಅಂತ ಕೇಳಿದೀರಲ್ಲ ಮೇಡಂ, ನಾನು ತೆಗೆದಿದ್ದೆ.

2019ರಲ್ಲಿ ಬಿಟಿಎಂ ಕಡೆ ಒಂದು ಇನ್‌ಸ್ಟಿಟ್ಯೂಟ್‌ಗೆ 45 ಸಾವಿರ ಕಟ್ಟಿ ಸೇರ್ದೆ. ಕೋರ್ಸ್ ಮುಗಿಯೋ ಹೊತ್ತಿಗೆ ಅಲ್ಲಿನ ಸಾರ್ ಒಬ್ರು, ಲ್ಯಾಬು ಗೀಬು ಅಂತಿದ್ರೆ ಯಾರೂ ಕರೆಯಲ್ಲ ಕಣ್ರೀ, ಡೆವಲಪರ್ ಅಂತ 3 ವರ್ಷ ಎಕ್ಸ್‌ಪೀರಿಯನ್ಸ್ ಹಾಕ್ಕೊಡ್ತೀವಿ, ಎಲ್ರೂ ಮಾಡೋದೇ ಅಂದ್ರು. ಹೂಂ ಅಂದೆ. ಪೇಸ್ಲಿಪ್ಪು, ರಿಲೀವಿಂಗ್ ಲೆಟರ್ರು ಎಲ್ಲಾ ಬಂತು, ಆಫರೂ ಬಂತು, ಆ ಖುಷೀಲಿ ಆಸ್ಪತ್ರೆಗೆ ರಾಜೀನಾಮೆ ಕೊಟ್ಟೆ. ಆಮೇಲೆ ಬ್ಯಾಕ್‌ಗ್ರೌಂಡ್ ಚೆಕ್‌ನವರು ಯುಎಎನ್ ಕೇಳಿದ್ರು, ಪಿಎಫ್‌ದು ಆ 12 ಅಂಕಿ ನಂಬರು. ಅಲ್ಲೀವರೆಗೂ ನಂಗೆ ಹೊಳೆದೇ ಇರ್ಲಿಲ್ಲ ನೋಡಿ. ಪೇಸ್ಲಿಪ್ ಯಾವ ಜೆರಾಕ್ಸ್ ಅಂಗಡೀಲಾದ್ರೂ ಪ್ರಿಂಟ್ ಆಗತ್ತೆ, ಪಿಎಫ್ ಪಾಸ್‌ಬುಕ್ ಆಗಲ್ಲ, ಅದಕ್ಕೆ ಕೆಲಸ ಕೊಟ್ಟೋರು ತಿಂಗಳು ತಿಂಗಳು ದುಡ್ಡು ಕಟ್ಟಿರ್ಬೇಕು. ನಾನು ಡೆವಲಪರ್ ಆಗಿದ್ದೆ ಅಂತ ಬರ್ಕೊಂಡಿದ್ದ ಅದೇ 36 ತಿಂಗಳೂ ಅಲ್ಲಿ ಆಸ್ಪತ್ರೆ ಹೆಸರು ಕೂತಿತ್ತು. ಆಫರ್ ಹೋಯ್ತು, ಹಳೇ ಕೆಲಸಾನೂ ಇಲ್ಲ. 7 ತಿಂಗಳು ಮನೇಲಿ. ಅಪ್ಪಂಗೆ ಪ್ರಾಜೆಕ್ಟ್ ಸಿಗೋದು ಲೇಟ್ ಅಂತ ಸುಳ್ಳು ಹೇಳ್ಕೊಂಡೇ ಇದ್ದೆ.

ಆಮೇಲೆ ಲ್ಯಾಬ್ ಅನುಭವಾನೇ ಮೇಲೆ ಹಾಕಿ, ಲ್ಯಾಬ್ ಸಾಫ್ಟ್‌ವೇರ್ ಮಾಡೋ ಒಂದು ಸಣ್ಣ ಕಂಪನಿಗೆ ಕಳಿಸ್ದೆ. ಇಂಟರ್ವ್ಯೂಲಿ ಕೇಳಿದ್ದು, ಮಷೀನಿಂದ ಪೊಟ್ಯಾಸಿಯಂ 7.8 ಅಂತ, ಅಂದ್ರೆ ತೀರಾ ಜಾಸ್ತಿ ಬಂತು, ನಿನ್ ಪ್ರೋಗ್ರಾಂ ಏನ್ ಮಾಡ್ಬೇಕು? ರಿಪೋರ್ಟ್ ಸೀದಾ ಬಿಡಬಾರ್ದು ಅಂದೆ. ಸ್ಯಾಂಪಲ್ ಹೀಮೊಲೈಸ್ ಆಗಿದ್ರೆ, ಅಂದ್ರೆ ಕೆಂಪು ಕಣ ಒಡೆದಿದ್ರೆ, ಅದರೊಳಗಿನ ಪೊಟ್ಯಾಸಿಯಂ ಹೊರಗೆ ಬಂದು ಸುಮ್ನೆ ಜಾಸ್ತಿ ತೋರ್ಸತ್ತೆ. ಜೊತೆಗೆ ಕ್ಯಾಲ್ಸಿಯಂ ತೀರಾ ಕಮ್ಮಿ ಬಂದಿದ್ರೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಂದ (ರಕ್ತ ಹೆಪ್ಪುಗಟ್ಟದೇ ಇರ್ಲಿ ಅಂತ ಹಾಕಿರೋ ಪೊಟ್ಯಾಸಿಯಂ ಇರೋ ಕೆಮಿಕಲ್ ಅದರಲ್ಲಿರತ್ತೆ, ಅದು ಕ್ಯಾಲ್ಸಿಯಂನ ಹಿಡ್ಕೊಂಡುಬಿಡತ್ತೆ) ಯಾರೋ ಇದಕ್ಕೆ ರಕ್ತ ಸುರಿದಿದಾರೆ ಅಂತ ಡೌಟ್ ಪಡ್ಬೇಕು (ವಾರ್ಡ್‌ನವರು ನೀವು ಮಾಡ್ತೀರ, ಗೊತ್ತು ನಂಗೆ). ಹಾಗಂತ ಸುಮ್ನೆ ತಡೆದಿಡೋ ಹಾಗೂ ಇಲ್ಲ, ನಿಜವಾಗ್ಲೂ 7.8 ಇದ್ರೆ ಪೇಷಂಟ್ ಹಾರ್ಟೇ ನಿಲ್ಬಹುದು, ಅದಕ್ಕೆ ತಕ್ಷಣ ವಾರ್ಡ್‌ಗೆ ಫೋನು, ಮತ್ತೆ ಸ್ಯಾಂಪಲ್ಲು. ಜಾವಾ ಬಗ್ಗೆ ಕೇಳಿದ್ದು ಎರಡೋ ಮೂರೋ ಪ್ರಶ್ನೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ತಗೊಂಡ್ರು, ಹಳೇ ಸಂಬಳಕ್ಕಿಂತ ಕಮ್ಮಿ, ಕೋಡ್ ಬರೆಯೋ ಕೆಲಸ ಸಿಗೋಕೆ ಇನ್ನೂ ಒಂದೂವರೆ ವರ್ಷ.

ಹಾಗಾಗಿ ಪೈಥಾನಾ ಜಾವಾನಾ ಅನ್ನೋದು ನನ್ನ ಪ್ರಕಾರ ಪ್ರಶ್ನೇನೇ ಅಲ್ಲ. ಮೊದ್ಲು ಡೇಟಾಬೇಸಿಂದ ಮಾಹಿತಿ ತೆಗೆಯೋ ಭಾಷೆ ಎಸ್‌ಕ್ಯೂಎಲ್ ಕಲೀರಿ, ಆಮೇಲೆ ಎಚ್‌ಎಲ್7, ಫೈರ್ (FHIR) ಅಂದ್ರೇನು ನೋಡಿ, ಆಸ್ಪತ್ರೆ ಸಾಫ್ಟ್‌ವೇರ್‌ಗಳು ಒಂದಕ್ಕೊಂದು ಮಾತಾಡೋದು ಅದರಲ್ಲೇ, ಸರ್ಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನೂ ಫೈರ್ ಮೇಲೇ ನಡೆಯೋದು. ಇನ್‌ಸ್ಟಿಟ್ಯೂಟ್‌ಗೆ ದುಡ್ಡು ಸುರೀಬೇಡಿ. ನೈಟ್ ಡ್ಯೂಟಿ ತಪ್ಪತ್ತೆ ಅಂತ ಬರ್ತಿದ್ರೆ ಅದೂ ಇಲ್ಲ, ಹೊಸ ಆಸ್ಪತ್ರೇಲಿ ಸಾಫ್ಟ್‌ವೇರ್ ಶುರು ಆದ ವಾರ ನಂಗೆ ರಾತ್ರಿ 2 ಗಂಟೆಗೆ ಬಾರ್‌ಕೋಡ್ ಬರ್ತಿಲ್ಲ ಅಂತ ಫೋನ್ ಬರತ್ತೆ.

ರಾಜೀನಾಮೆ ಟೈಪ್ ಮಾಡಿಟ್ಟಿದೀನಿ ಅಂದ್ರಲ್ಲ, ಕೈಗೆ ಆಫರ್ ಬಂದು ಬ್ಯಾಕ್‌ಗ್ರೌಂಡ್ ಚೆಕ್ ಮುಗಿಯೋವರೆಗೂ ಅದನ್ನ ಕೊಡ್ಬೇಡಿ.