ಥರ್ಮಾಮೀಟರ್ ಇಲ್ಲದ ಕಾಲದ ಕಡು ಚಳಿ ಹೇಗೆ ಗೊತ್ತಾಗುತ್ತದೆ? ಚಿತ್ರದುರ್ಗದ ಕಡೆ ಅಂಥ ಪುರಾವೆ ಇದೆಯೇ?

ಮುಖ್ಯವಾಗಿ ನೀರು ಹೆಪ್ಪುಗಟ್ಟಿದ ದಾಖಲೆಗಳಿಂದ. ಜಪಾನಿನ ಸುವಾ ಸರೋವರ ಹೆಪ್ಪುಗಟ್ಟಿ, ಮಂಜುಗಡ್ಡೆ ಬಿರಿದು ಏಣಿನಂತೆ ಎದ್ದರೆ ದೇವರು ಆಚೆ ದಡದ ದೇವಿಯನ್ನು ಕಾಣಲು ನಡೆದುಹೋದ ಎಂದು ನಂಬಿಕೆ. ಅಲ್ಲಿನ ಶಿಂಟೊ ಅರ್ಚಕರು ಆ ದಿನವನ್ನು 1443ರಿಂದ ಬರೆದಿಡುತ್ತಾ ಬಂದಿದ್ದಾರೆ. ಹವಾಮಾನ ಅಳೆಯಲು ಹೊರಟವರಲ್ಲ, ಸೇವೆಯೆಂದು ಬರೆದವರು. ಅದಕ್ಕೇ ನನಗೆ ಆ ದಾಖಲೆಯ ಮೇಲೆ ಅಷ್ಟು ಗೌರವ.

ಲಂಡನ್ನಿನ ಥೇಮ್ಸ್ ನದಿ 1683–84ರ ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಅದರ ಮೇಲೇ ಅಂಗಡಿಗಳು ಎದ್ದವು. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಹಳೆಯ ಲಂಡನ್ ಸೇತುವೆಯ ಕಂಬಗಳು ದಪ್ಪ, ಒತ್ತೊತ್ತು; ನೀರಿನ ಓಟ ಅಲ್ಲಿ ತಡೆಯುತ್ತಿತ್ತು. 1831ರಲ್ಲಿ ಹೊಸ ಸೇತುವೆ ಬಂದು ಹಳೆಯದನ್ನು ಕೆಡವಿದ ಮೇಲೆ ನದಿ ಅಷ್ಟು ಸುಲಭವಾಗಿ ಹೆಪ್ಪುಗಟ್ಟಲಿಲ್ಲ. ಹಾಗಾಗಿ ಒಂದೇ ಸಾಕ್ಷಿ ನೆಚ್ಚದೆ ಮರದ ಉಂಗುರ, ಧ್ರುವದ ಹಿಮಪದರಗಳ ಜೊತೆ ತಾಳೆ ನೋಡುತ್ತಾರೆ.

ನಮ್ಮ ದುರ್ಗದಲ್ಲಿ ನೀರು ಹೆಪ್ಪುಗಟ್ಟುವ ಮಾತೇ ಇಲ್ಲ. ಇಲ್ಲಿ ಹುಡುಕಬೇಕಾದ್ದು ಮಳೆಯ ಗುರುತು. ಚಂದ್ರವಳ್ಳಿಯ ಬಂಡೆಯ ಮೇಲಿನ ಮಯೂರಶರ್ಮನ ಶಾಸನ, 4ನೇ ಶತಮಾನದ್ದು, ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಕೆರೆ ಬೇಕಿತ್ತು ಎಂಬುದಷ್ಟೇ ಅದರಿಂದ ಖಚಿತ, ಮಳೆ ಎಷ್ಟಿತ್ತು ಎಂದಲ್ಲ. ಹಿರಿಯೂರಿನ ಮಾರಿಕಣಿವೆ ಜಲಾಶಯದ ದಾಖಲೆ ಇನ್ನೂ ಸ್ಪಷ್ಟ: 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲೇ. ಆದರೆ ಅಷ್ಟರಲ್ಲಿ ಭದ್ರಾ ನೀರೂ ಅಲ್ಲಿಗೆ ಬರತೊಡಗಿತ್ತು. ಆ ಎರಡು ವರ್ಷಗಳ ಮಳೆಯನ್ನು ಕೋಡಿ ನೋಡಿ ಹೋಲಿಸುವಂತಿಲ್ಲ.